ಬಿಸಿಲು ಕಂಡ ಮಣ್ಣು

ಠಣ್, ಠಣ್, ಠಣ್. ಉಕ್ಕಿನ ಕೊಳವೆಯ ತಲೆಗೆ ಸುತ್ತಿಗೆ ಬೀಳುವ ಸದ್ದು ಕಮರಿಯ ಆಚೆ ದಂಡೆಗೆ ತಾಗಿ ತಿರುಗಿ ಬರುತ್ತಿತ್ತು. ನಾಲ್ಕು ದಿನದಲ್ಲಿ ನಲವತ್ತು ಕೊಳವೆಗಳನ್ನು ಗೆಂಫು ಹೀಗೇ ಹಳದಿ ಮಣ್ಣಿನ ಗೋಡೆಯೊಳಗೆ ಇಳಿಸಿದ್ದ. ನಲವತ್ತೊಂದನೆಯದಕ್ಕೆ ಆರೇಳು ಏಟು ಬಿದ್ದಿತ್ತೋ ಇಲ್ಲವೋ, ಸದ್ದು ಬದಲಾಯಿತು. ದಬ್. ಇನ್ನೊಂದು ಏಟು ಹಾಕಿದ. ದಬ್. ಧಾನ್ಯ ತುಂಬಿದ ಮೂಟೆಗೆ ಗುದ್ದಿದ ಹಾಗಿತ್ತು. ಆಚೆ ದಂಡೆಯಿಂದ ಏನೂ ತಿರುಗಿ ಬರಲಿಲ್ಲ.

ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು.

"ಏನಣ್ಣ, ಅಷ್ಟಕ್ಕೇ ಸುಸ್ತಾ?" ಗೋಡೆಗೆ ಕಡಿದ ಮೆಟ್ಟಿಲುಗಳಲ್ಲಿ ಒಂದು ಮೆಟ್ಟಿಲು ಕೆಳಗೆ, ಹೆಗಲ ಮೇಲೆ ಕಪ್ಪು ಕಂಬಳಿ ಹಾಕಿಕೊಂಡು ನಿಂತಿದ್ದ ಚಾಂಗ್ಲಿ ಕೂಗಿದ. "ಅತ್ತಿಗೆ ಇವತ್ತು ಗಂಜಿಗೆ ನೀರು ಜಾಸ್ತಿ ಹುಯ್ದಿರ್ಬೇಕು. ಕೊಡಿಲ್ಲಿ ಸುತ್ತಿಗೇನ, ಗಂಡಸ್ರ ಕೈಗೆ."

"ಬಾಯ್ಮುಚ್ಕೊಂಡು ಕಂಬಳಿ ಹಿಡ್ಕೋ," ಎಂದ ಗೆಂಫು. ಆ ದನಿ ಅವನಿಗೇ ಬೇರೆ ಯಾರದ್ದೋ ಎನಿಸಿತು.

ಅರವತ್ತು ವರ್ಷದ ಗೆಂಫು ಹದಿನಾರನೆಯ ವಯಸ್ಸಿನಿಂದ ಗವಿಮನೆ ಕೊರೆದವನು. ಲ್ವೋಚ್ವಾನ್ ಸೀಮೆಯ ಈ ಅಂಚಿನ ಏಳು ಹಳ್ಳಿಗಳಲ್ಲಿ ಅವನು ಕೊರೆದ ಗವಿಗಳಲ್ಲಿ ಮಕ್ಕಳು ಹುಟ್ಟಿದ್ದರು, ಮುದುಕರು ಸತ್ತಿದ್ದರು, ಒಂದೇ ಒಂದು ಮಾಡೂ ಕುಸಿದಿರಲಿಲ್ಲ. ಗಾಳಿ ತಂದು ಹಾಸಿದ ಮಣ್ಣಿಗೂ ಮನುಷ್ಯ ಅಗೆದು ತುಂಬಿದ ಮಣ್ಣಿಗೂ ಇರುವ ವ್ಯತ್ಯಾಸ ಅವನ ಅಂಗೈಗೆ ಗೊತ್ತಿತ್ತು. ಈಗ ಕೊಳವೆ ಹೊಕ್ಕಿದ್ದು ತುಂಬಿದ ಮಣ್ಣಿಗೆ. ತುಂಬಿದವನು ಅವನೇ. ಆ ಮಣ್ಣಿನ ಹಿಂದೆ, ಒಂದು ಮೊಳ ಒಳಗೆ, ಅವನ ಮಗಳು ಶಿಂಗ್ವಾ ಮಲಗಿದ್ದಳು. ಅದು ಈ ಭೂಮಿಯ ಮೇಲೆ ಗೆಂಫುವಿಗೂ ಅವನ ಹೆಂಡತಿ ಯೂನಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಗೊತ್ತಾಗಲೂ ಬಾರದಿತ್ತು.

ತಪ್ಪು ಅವನದೇ. ಮಣ್ಣಿನ ವಯಸ್ಸು ಹುಡುಕುವ ಶೆನ್ ಮೇಡಂ ವಸಂತದಲ್ಲಿ ಈ ಕಮರಿಗೆ ಬಂದಾಗ ಮೊದಲು ಗುರುತು ಹಾಕಿದ್ದು ಇನ್ನೂ ಆಚೆಗೆ, ಹನ್ನೆರಡು ಹೆಜ್ಜೆ ಪಡುವಣಕ್ಕೆ. ಅಲ್ಲಿ ಬೇಡ ಎಂದವನು ಗೆಂಫು. "ಅಲ್ಲಿ ಇಲಿಬಿಲ ಜಾಸ್ತಿ ಮೇಡಂ, ಈ ಕಡೆ ಬನ್ನಿ, ಮಣ್ಣು ಶುದ್ಧವಾಗಿದೆ" ಎಂದು ಈ ಜಾಗಕ್ಕೆ ಎಳೆದು ತಂದಿದ್ದ. ಮಗಳನ್ನು ಇಟ್ಟ ದಿನ ಅವನು ಯಾವ ಕಲ್ಲನ್ನೂ ನೆಟ್ಟಿರಲಿಲ್ಲ. ಮೇಲಿನ ಕಟ್ಟೆಯಲ್ಲಿ ಒಂದು ಕಾಡು ಎಲಚಿ ಗಿಡವಿತ್ತು, ಅದಕ್ಕೆ ನೇರ ಕೆಳಗೆ ಎಂದು ಮನಸ್ಸಿನಲ್ಲೇ ಗುರುತಿಟ್ಟುಕೊಂಡಿದ್ದ. ಎಲಚಿ ಒಂದೇ ಕಡೆ ನಿಲ್ಲುವ ಜಾತಿಯಲ್ಲ. ಹಳೆಯ ಬೊಡ್ಡೆ ಒಣಗುತ್ತದೆ, ಬೇರು ಹರಿದು ನಾಲ್ಕು ಮಾರು ಆಚೆ ಹೊಸ ಚಿಗುರು ಏಳುತ್ತದೆ. ಮೂವತ್ತೊಂದು ವರ್ಷದಲ್ಲಿ ಆ ಗಿಡ ಮಗಳನ್ನು ಬಿಟ್ಟು ಹನ್ನೆರಡು ಹೆಜ್ಜೆ ಪಡುವಣಕ್ಕೆ ನಡೆದುಹೋಗಿತ್ತು. ಅದು ಈ ಸೀಮೆಯಲ್ಲಿ ಕುರಿ ಕಾಯುವವನಿಗೂ ಗೊತ್ತಿರುವ ವಿಷಯ. ಮಗಳ ವಿಷಯದಲ್ಲಿ ಮಾತ್ರ ಗೆಂಫು ಅದನ್ನು ಮರೆತಿದ್ದ. ಇನ್ನು ಗೋಡೆ ನೋಡಿ ಗುರುತು ಹಿಡಿಯೋಣವೆಂದರೆ, ಅವನು ಮುಚ್ಚಿದ್ದು ಅವನಿಗೇ ಕಾಣದಷ್ಟು ಚೆನ್ನಾಗಿತ್ತು.

"ಮೇಸ್ತ್ರಿ, ಆಯ್ತಾ?" ಕೆಳಗಿನಿಂದ ಶೆನ್ ಮೇಡಂ ಕೇಳಿದರು. ಐವತ್ತರ ಹತ್ತಿರದ ಹೆಂಗಸು, ಬಿಸಿಲಿಗೆ ಮುಖ ಸುಟ್ಟು ಇಲ್ಲಿಯವರ ಹಾಗೇ ಆಗಿದ್ದರು.

"ಆಯ್ತು ಮೇಡಂ."

ಉಳಿದ ಏಟುಗಳನ್ನು ಅವನು ಮೆಲ್ಲಗೆ, ಮಲಗಿದ ಮಗುವಿನ ಬೆನ್ನು ತಟ್ಟುವ ಹಾಗೆ ಹಾಕಿದ. ಚಾಂಗ್ಲಿ ಮೇಲೆ ಹತ್ತಿ ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಎಳೆದ. ಆ ಕತ್ತಲಲ್ಲಿ ಕೊಳವೆ ಕಿತ್ತು, ಎರಡೂ ಬಾಯಿಗೆ ಬೆಳ್ಳಿಕಾಗದ ಒತ್ತಿ, ಅಂಟುಪಟ್ಟಿ ಸುತ್ತಿದರು. ಚಾಂಗ್ಲಿಯ ಕಿವಿಯ ಸಂದಿಯಲ್ಲಿ ಸಿಕ್ಕಿಸಿದ್ದ ಸಿಗರೇಟು ಗೆಂಫುವಿನ ಕೆನ್ನೆಗೆ ತಾಗುತ್ತಿತ್ತು. ಹಚ್ಚಿರಲಿಲ್ಲ. ಹಚ್ಚದ ತಂಬಾಕಿನ ಹಸಿ ವಾಸನೆ ಅವನಿಗೆ ಆಮೇಲೂ ನೆನಪಿತ್ತು.

ಗೋಡೆಯಲ್ಲಿ ಉಳಿದ ತೂತಿಗೆ ಗೆಂಫು ಮಣ್ಣು ಮೆತ್ತಿ, ಅಂಗೈಯಿಂದ ಸವರಿದ.

"ಅದನ್ಯಾಕೆ ಮುಚ್ತೀಯಾ?" ಎಂದ ಚಾಂಗ್ಲಿ. "ಬೇರೆ ನಲವತ್ತಕ್ಕೂ ಮುಚ್ಚಿಲ್ಲ, ಇದೊಂದಕ್ಕೆ ಏನು ವಿಶೇಷ ಮರ್ಯಾದೆ?"

"ಗಾಳಿ ಹೋಗುತ್ತೆ," ಎಂದ ಗೆಂಫು.

*

ಮೇಡಂ ಮಾಡುವ ಕೆಲಸವನ್ನು ಹಳ್ಳಿಯವರಿಗೆ ಅರ್ಥ ಮಾಡಿಸಿದವನೂ ಗೆಂಫುವೇ. ಚಳಿಗಾಲದಲ್ಲಿ ಉತ್ತರದ ಮರಳುಗಾಡಿನಿಂದ ಬೀಸುವ ಗಾಳಿ ಹೊತ್ತು ತಂದ ಧೂಳೇ ನಮ್ಮ ಕಾಲಕೆಳಗಿನ ಈ ನೆಲ. ಚಳಿ ಹೆಚ್ಚಿದ ಕಾಲದಲ್ಲಿ ಗಾಳಿ ಜೋರು, ಧೂಳು ದಪ್ಪ, ಹಳದಿ. ಮಳೆ ಚೆನ್ನಾಗಿ ಬಂದ ಕಾಲದಲ್ಲಿ ಹುಲ್ಲು ಬೆಳೆದು ಮಣ್ಣು ಕೆಂಪಾಯಿತು. ಗೋಡೆಯಲ್ಲಿ ಕಾಣುವ ಹಳದಿ, ಕೆಂಪು ಪಟ್ಟೆಗಳೆಂದರೆ ಅಷ್ಟೆ: ಒಂದು ಚಳಿಗಾಲ, ಒಂದು ಬೇಸಿಗೆ, ಆದರೆ ಒಂದೊಂದೂ ಹತ್ತಾರು ಸಾವಿರ ವರ್ಷ ಉದ್ದ. ಗೆಂಫು ಮಣ್ಣನ್ನು ಹಲ್ಲಿನ ನಡುವೆ ಅರೆದು ದಪ್ಪವೋ ನುಣುಪೋ ಹೇಳಿಬಿಡುತ್ತಿದ್ದ. ಅದನ್ನು ನೋಡಿಯೇ ಮೇಡಂ ಅವನನ್ನು ಕೆಲಸಕ್ಕೆ ಕರೆದದ್ದು. "ನಮ್ಮ ಯಂತ್ರ ಎರಡು ದಿನ ತಗೊಳ್ಳುತ್ತೆ, ನಿಮ್ಮ ಹಲ್ಲು ಎರಡು ನಿಮಿಷ" ಎಂದು ನಕ್ಕಿದ್ದರು.

ಆದರೆ ಯಾವ ಪಟ್ಟೆಗೆ ಎಷ್ಟು ವರ್ಷ ಎನ್ನುವುದು ಹಲ್ಲಿಗೆ ಸಿಕ್ಕುವ ಮಾತಲ್ಲ. ಧೂಳಿನ ಕಾಳು ಮಣ್ಣಿನಡಿ ಕತ್ತಲಲ್ಲಿ ಕೂತಷ್ಟು ಕಾಲವೂ ತನ್ನೊಳಗೆ ಏನನ್ನೋ ಕೂಡಿಡುತ್ತಾ ಹೋಗುತ್ತದಂತೆ. ಬಿಸಿಲು ಕಂಡರೆ ಕೂಡಿಟ್ಟದ್ದೆಲ್ಲ ಹಾರಿಹೋಗಿ ಮತ್ತೆ ಸೊನ್ನೆಯಿಂದ ಶುರು. ಆದ್ದರಿಂದ ಕತ್ತಲಲ್ಲೇ ತೆಗೆದು, ಕತ್ತಲಲ್ಲೇ ಪಟ್ಟಣಕ್ಕೆ ಒಯ್ದು, ಅಲ್ಲಿ ಕೆಂಪು ದೀಪದ ಕೋಣೆಯಲ್ಲಿ ಅಳೆದರೆ, ಈ ಕಾಳು ಕೊನೆಯ ಸಲ ಬಿಸಿಲು ನೋಡಿ ಎಷ್ಟು ವರ್ಷವಾಯಿತೆಂದು ಗೊತ್ತಾಗುತ್ತದೆ. "ನಮ್ಮ ಸೇಬು ಇದ್ದ ಹಾಗೆ ಕಣ್ರೋ," ಎಂದು ಗೆಂಫು ಅಂಗಡಿ ಮುಂದೆ ಕೂತವರಿಗೆ ಹೇಳಿದ್ದ. "ಕಾಗದದ ಚೀಲ ಕಟ್ಟಿರೋವರ್ಗೂ ಬೆಳ್ಳಗಿರುತ್ತೆ, ಚೀಲ ತೆಗೆದ್ರೆ ಬಣ್ಣ ಬರುತ್ತೆ. ಬಣ್ಣ ನೋಡಿ ಚೀಲ ಯಾವತ್ತು ತೆಗ್ದೆ ಅಂತ ನಾವು ಹೇಳಲ್ವಾ? ಇವರು ಮಣ್ಣು ನೋಡಿ ಹೇಳ್ತಾರೆ, ಅಷ್ಟೇ."

ಹಾಗೆ ಹೇಳುವಾಗ ತನ್ನ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತಮೂರರ ಜೂನ್ ತಿಂಗಳು. ಗೋಧಿ ಕೊಯ್ಲು ಮುಗಿದಿತ್ತು. ಒಂಬತ್ತು ವರ್ಷದ ಶಿಂಗ್ವಾಳಿಗೆ ಜ್ವರ ತಲೆಗೇರಿ ಮೂರನೆಯ ದಿನ ಹೋಯಿತು. ಹೋಗುವ ತನಕ ಅವಳು ಅಂದದ್ದು ಒಂದೇ ಮಾತು: "ಚಳಿ ಅಮ್ಮಾ. ಚಳಿ." ಇದ್ದ ಮೂರು ರಜಾಯಿಯನ್ನೂ ಹೊದಿಸಿ, ಚಳಿಗಾಲದಲ್ಲಿ ಮಾತ್ರ ಉರಿಸುವ, ಮಲಗುವ ಜಗಲಿಯ ಕೆಳಗಿನ ಒಲೆಗೆ ಜೂನ್ ತಿಂಗಳಲ್ಲಿ ಬೆಂಕಿ ಹಾಕಿದರೂ ಚಳಿ ನಿಲ್ಲಲಿಲ್ಲ.

ಮದುವೆಯಾಗದೆ ಸತ್ತ ಹೆಣ್ಣಿಗೆ ಮನೆತನದ ಸ್ಮಶಾನದಲ್ಲಿ ಜಾಗವಿಲ್ಲ. ಮಗುವಾದರೆ ಗುಡ್ಡೆಯೂ ಇಲ್ಲ, ಅಳುವೂ ಇಲ್ಲ. ಸಂಬಂಧವಿಲ್ಲದ ಯಾರೋ ಒಬ್ಬ ಗಂಡಸು ಚಾಪೆಯಲ್ಲಿ ಸುತ್ತಿ ಹಿಂದಣ ಕಮರಿಗೆ ಒಯ್ಯುತ್ತಾನೆ. ಎಲ್ಲಿಟ್ಟೆ ಎಂದು ತಂದೆತಾಯಿ ಕೇಳಬಾರದು. ಹಾಗೆ ಒಯ್ಯುವವನು ಮನೆಯ ಬಾಗಿಲಿಗೆ ಬಂದೂ ಆಗಿತ್ತು. ಗೆಂಫು ಅವನಿಗೆ ಒಂದು ಬಟ್ಟಲು ಶಾವಿಗೆ ತಿನ್ನಿಸಿ, "ನಾನೇ ನೋಡ್ಕೋತೀನಿ" ಎಂದು ವಾಪಸು ಕಳಿಸಿದ.

ಬೆಳಿಗ್ಗೆ ಹೋಗಿ ಗೋಡೆಯಲ್ಲಿ ಒಂದು ಗೂಡು ಕೊರೆದ. ಅವನ ಬದುಕಿನ ಅತಿ ಸಣ್ಣ ಗವಿ. ಮಾಡನ್ನು ದೊಡ್ಡ ಗವಿಗಳಿಗೆ ಮಾಡುವ ಹಾಗೇ ಕಮಾನಾಗಿ ಕೆತ್ತಿದ. ಒಳಗಿನಿಂದ ಬಂದ ಮಣ್ಣು ತಣ್ಣಗಿತ್ತು. ಹಿಂದೆಯೇ ಬಂದಿದ್ದ ಯೂನಿ ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದಳು.

"ಈ ತಣ್ಣನೆ ಮಣ್ಣನ್ನ ಅವಳ ಮೇಲೆ ಹಾಕ್ಬೇಡ," ಎಂದಳು.

ಮನೆಯಿಂದ ಗೋಧಿ ಒಣಗಿಸುವ ಚಾಪೆಗಳನ್ನು ತಂದರು. ಮಣ್ಣನ್ನು ಜರಡಿ ಹಿಡಿದು ತೆಳ್ಳಗೆ ಹರಡಿದರು. ಹಳದಿಯದು ಒಂದು ಚಾಪೆ, ನಸುಗೆಂಪಿನದು ಒಂದು ಚಾಪೆ. ಯೂನಿ ದಿನವಿಡೀ ಮೊಣಕಾಲೂರಿ, ಕಾಳು ಮಗುಚುವ ಹಾಗೆ ಅದನ್ನು ಮಗುಚಿ ಮಗುಚಿ ಒಣಗಿಸಿದಳು. ಹೆಂಟೆಗಳನ್ನು ಬೆರಳಿಂದ ಪುಡಿ ಮಾಡಿದಳು. ಸಂಜೆಗೆ ಮಣ್ಣು ಹಿಟ್ಟಿನಂತಾಗಿ, ಅಂಗೈಗೆ ಬೆಚ್ಚಗೆ ಹತ್ತುತ್ತಿತ್ತು. ಆಗ ಗೆಂಫು ಮಗಳನ್ನು ಒಳಗಿಟ್ಟು, ಬೆಚ್ಚನೆಯ ಮಣ್ಣಿಂದ ಮುಚ್ಚಿದ. ಹಳದಿ ಇದ್ದ ಕಡೆ ಹಳದಿ, ಕೆಂಪು ಇದ್ದ ಕಡೆ ಕೆಂಪು, ಗೇಣು ಗೇಣಿಗೆ ಗುದ್ದಿ ಕೂರಿಸಿದ. ಮೇಲ್ಮೈಗೆ ನೀರು ಚಿಮುಕಿಸಿ, ಸಲಿಕೆಯ ಅಂಚಿಂದ ಹಳೆಯ ಗೋಡೆಯ ಗೆರೆಗಳನ್ನೇ ಎಳೆದ.

ಅಷ್ಟು ಚೆನ್ನಾಗಿ ಮುಚ್ಚಲು ಕಾರಣವಿತ್ತು. ಮದುವೆಯಾಗದೆ ಸತ್ತ ಗಂಡಿಗೂ ಈ ಸೀಮೆಯಲ್ಲಿ ಮನೆತನದ ಸ್ಮಶಾನವಿಲ್ಲ, ಸತ್ತವಳೊಬ್ಬಳನ್ನು ಹೆಂಡತಿಯೆಂದು ಪಕ್ಕದಲ್ಲಿ ಮಲಗಿಸುವ ತನಕ. ಅದಕ್ಕಾಗಿ ಸತ್ತ ಹುಡುಗಿಯರ ಎಲುಬನ್ನು ಹುಡುಕಿಕೊಂಡು ಬರುತ್ತಾರೆ. ಕೇಳಿ ಪಡೆಯುವವರು ಕೆಲವರು, ಕೇಳದೆ ಅಗೆಯುವವರು ಕೆಲವರು.

ಶಿಂಗ್ವಾ ಹೋಗಿ ಏಳು ವರ್ಷಕ್ಕೆ ಅಂಥ ಮಾತು ಬಂದದ್ದು ಬೇರೆಲ್ಲಿಂದಲೋ ಅಲ್ಲ, ಚಾಂಗ್ಲಿಯ ಮನೆಯಿಂದ. ಅವನ ತಮ್ಮ ಕಲ್ಲಿದ್ದಲ ಗಣಿಯಲ್ಲಿ ಸತ್ತಿದ್ದ, ಇಪ್ಪತ್ತು ವರ್ಷದ ಹುಡುಗ. ತಾಯಿ ಕೆಂಪು ಬಟ್ಟೆಯಲ್ಲಿ ಹಬೆರೊಟ್ಟಿ ಕಟ್ಟಿಕೊಂಡು, ನೆಂಟಸ್ತಿಕೆ ಕೇಳುವ ಮರ್ಯಾದೆಯಲ್ಲೇ ಬಂದಿದ್ದಳು. "ನಿಮ್ಮ ಶಿಂಗ್ವಾ ಇದ್ದಿದ್ರೆ ಈಗ ಹದಿನಾರು ತುಂಬ್ತಿತ್ತು. ಅಲ್ಲಿ ಒಬ್ಬಳೇ ಇದಾಳೆ. ಇಲ್ಲಿ ನಮ್ಮೋನು ಒಬ್ನೇ. ಎಲ್ಲಿಟ್ಟಿದೀರಾ ಅಂತ ಹೇಳು ತಾಯಿ, ಸೊಸೆ ಥರ ನೋಡ್ಕೋತೀನಿ."

ಯೂನಿ ರೊಟ್ಟಿಯ ಗಂಟನ್ನು ಮುಟ್ಟಲಿಲ್ಲ. "ಅವಳಿಗೆ ಒಂಬತ್ತು ವರ್ಷ ಅಕ್ಕಾ," ಎಂದಿದ್ದಳು. "ನಿಮ್ಮ ಲೆಕ್ಕದಲ್ಲಿ ಬೆಳೀಬಹುದು. ನನ್ನ ಲೆಕ್ಕದಲ್ಲಿ ಒಂಬತ್ತೇ. ಒಂಬತ್ತು ವರ್ಷದ ಮಗೂನ ನಾನು ಯಾರ ಮನೆಗೂ ಕಳಿಸಲ್ಲ."

ಆ ಮುದುಕಿ ಇನ್ನೂ ಇದ್ದಳು. ಎಂಬತ್ತೆರಡು. ಕಿರಿಮಗನ ಗೋರಿ ಇನ್ನೂ ಹೊಲದಂಚಿನಲ್ಲಿ ಒಂಟಿಯಾಗಿತ್ತು.

*

ಮರುವರ್ಷದ ವಸಂತದಲ್ಲಿ, ಹಳದಿ ಧೂಳು ಆಕಾಶ ಮುಚ್ಚಿದ ಒಂದು ದಿನ, ಮೇಡಂ ಫೋನ್ ಮಾಡಿದರು. ನಲವತ್ತೊಂದನೆಯ ಕೊಳವೆ ಕೆಟ್ಟಿದೆ. ಅದರ ಮೇಲಿನದಕ್ಕೆ ಇಪ್ಪತ್ತಮೂರು ಸಾವಿರ ವರ್ಷ, ಕೆಳಗಿನದಕ್ಕೆ ಇಪ್ಪತ್ತನಾಲ್ಕು ಸಾವಿರ. ನಡುವಿನದಕ್ಕೆ ಬರೀ ಮೂವತ್ತೊಂದು ವರ್ಷ.

"ಮೂವತ್ತೊಂದು ಸಾವಿರವಾ?" ಎಂದ ಗೆಂಫು.

"ಸಾವಿರ ಇಲ್ಲ ಮೇಸ್ತ್ರಿ. ಮೂವತ್ತೊಂದು, ಅಷ್ಟೆ. ಕೊಳವೆಗೆ ಬೆಳಕು ಬಿದ್ದಿದೆ. ಆ ಚಾಂಗ್ಲಿ ಕಂಬಳಿ ಒಳಗೆ ಸಿಗರೇಟು ಹಚ್ಚಿರ್ಬೇಕು. ಎಷ್ಟು ಸಲ ಹೇಳಿದ್ದೆ ನಾನು? ಇನ್ಮೇಲೆ ಅವರನ್ನ ಕರೀಬೇಡಿ."

ಮೇಡಂ ಫೋನಿಟ್ಟ ಮೇಲೂ ಗೆಂಫು ಅದನ್ನು ಕಿವಿಗೆ ಹಿಡಿದುಕೊಂಡೇ ಇದ್ದ.

ಸುದ್ದಿ ಎರಡು ದಿನದಲ್ಲಿ ಊರೆಲ್ಲ ಹರಡಿತು. ಹಳ್ಳಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಹತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಒಂದು ಸಿಗರೇಟಿನಲ್ಲಿ ಇಪ್ಪತ್ತಮೂರು ಸಾವಿರ ವರ್ಷ ಸುಟ್ಟವನು! ಅಂಗಡಿಗೆ ಹೋದರೆ, "ಬಾರಪ್ಪ ಚಾಂಗ್ಲಿ, ನನ್ನ ಹೆಂಡ್ತಿ ಪಕ್ಕ ಒಂದು ದಮ್ಮು ಎಳಿ, ಒಂದಿಪ್ಪತ್ತು ವರ್ಷ ಕಮ್ಮಿಯಾಗ್ಲಿ." ಮದುವೆಗೆ ಹೋದರೆ, "ಅವನ ಕೈಗೆ ಬೆಂಕಿಪೊಟ್ಟಣ ಕೊಡ್ಬೇಡ್ರೋ, ಮದುಮಗ ತೊಟ್ಟಿಲಿಗೆ ಹೋದಾನು." ಮೊದಮೊದಲು ಚಾಂಗ್ಲಿಯೂ ನಕ್ಕ. ಆಮೇಲೆ ಬೈದ. ಆಮೇಲೆ ಅಂಗಡಿ ಕಡೆ ಬರುವುದನ್ನೇ ಬಿಟ್ಟ. ಆಚೆ ಸೀಮೆಯಲ್ಲಿ ಮಣ್ಣು ತೆಗೆಸುತ್ತಿದ್ದ ಇನ್ನೊಂದು ತಂಡಕ್ಕೂ ಸುದ್ದಿ ಹೋಗಿ, ಅವರೂ ಅವನನ್ನು ಕರೆಯಲಿಲ್ಲ.

ಮೇ ತಿಂಗಳಲ್ಲಿ, ಗೆಂಫು ಮರದ ಕೆಳಗೆ ನಿಂತು ಎಳೆ ಸೇಬಿಗೆ ಚೀಲ ಕಟ್ಟುತ್ತಿದ್ದಾಗ ಅವನು ಬಂದ. ಇಳಿದುಹೋಗಿದ್ದ. ಸುಮ್ಮನೆ ಒಂದು ಹಿಡಿ ಚೀಲ ತೆಗೆದುಕೊಂಡು ಪಕ್ಕದ ಕೊಂಬೆಗೆ ಕಟ್ಟತೊಡಗಿದ. ಹತ್ತಿಪ್ಪತ್ತು ಕಟ್ಟಿದ ಮೇಲೆ ಕೇಳಿದ.

"ಅಣ್ಣ, ಒಂದು ಮಾತು. ಅವತ್ತು ನೀನು ನನ್ನ ಪಕ್ಕದಲ್ಲೇ ಇದ್ದೆ. ಕಂಬಳಿ ಒಳಗೆ."

"ಹ್ಞೂಂ."

"ನಾನು ಹಚ್ಚಿದ್ನಾ?"

ಗೆಂಫು ಚೀಲದ ತಂತಿ ತಿರುಚುತ್ತಿದ್ದ.

"ನಾನು ಹಚ್ಚಿಲ್ಲ ಅಂತ್ಲೇ ಅನ್ಕೊಂಡಿದ್ದೆ," ಎಂದ ಚಾಂಗ್ಲಿ. "ಎಲ್ಲರೂ ಹೇಳಿ ಹೇಳಿ ಈಗ ನನಗೇ ಗೊತ್ತಾಗ್ತಿಲ್ಲ. ಚಟ ನೋಡು, ಕೈ ತಾನಾಗೇ ಹೋಗಿರುತ್ತೆ. ಅವ್ವನೂ ಕೇಳ್ತಾಳೆ, ಏನ್ ಮಾಡ್ಬಿಟ್ಟೆಯೋ ಅಂತ. ನೀನು ಹಚ್ಚಿಲ್ಲ ಅಂದ್ರೆ ಹಚ್ಚಿಲ್ಲ, ಹಚ್ಚಿದೆ ಅಂದ್ರೆ ಹಚ್ಚಿದೆ. ನಿನ್ನ ಮಾತು ನಂಬ್ತೀನಿ."

ಹಚ್ಚಿರಲಿಲ್ಲ. ಆ ಹಸಿ ವಾಸನೆ ಈಗಲೂ ಮೂಗಿನಲ್ಲಿತ್ತು. ಆದರೆ ಅವನು ಹಚ್ಚಿರಲಿಲ್ಲ ಎಂದರೆ, ಹಾಗಾದರೆ ಮೂವತ್ತೊಂದು ಎಲ್ಲಿಂದ ಬಂತು ಎನ್ನುವ ಪ್ರಶ್ನೆ ಅದರ ಬಾಲ ಹಿಡಿದು ಬರುತ್ತಿತ್ತು. ಆ ಪ್ರಶ್ನೆ ಚಾಂಗ್ಲಿಯ ಮನೆಯ ಹೊಸ್ತಿಲು ದಾಟಿದರೆ, ಒಳಗೆ ಕೂತ ಮುದುಕಿ ಬೆರಳು ಮಡಚಿ ಶಿಂಗ್ವಾ ಹೋದ ವರ್ಷದ ತನಕ ಎಣಿಸಿಬಿಡುತ್ತಿದ್ದಳು.

"ನನಗೆ ನೆನಪಿಲ್ಲ ಕಣೋ," ಎಂದ ಗೆಂಫು.

ಚಾಂಗ್ಲಿ ತಲೆಯಾಡಿಸಿದ. ಕೈಯಲ್ಲಿ ಉಳಿದಿದ್ದ ಚೀಲಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ, ಬುಟ್ಟಿಯಲ್ಲಿಟ್ಟು ಹೋದ.

*

ಅಕ್ಟೋಬರಿನಲ್ಲಿ ಶೆನ್ ಮೇಡಂ ಒಬ್ಬರೇ ಬಂದರು. ನೇರ ಗೆಂಫುವಿನ ಗವಿಮನೆಗೇ ಬಂದು, ಜಗಲಿಯ ಮೇಲೆ ಕಾಲು ಮಡಚಿ ಕೂತು, ಯೂನಿ ಕೊಟ್ಟ ನವಣೆ ಗಂಜಿಯನ್ನು ಉಪ್ಪಿನಲ್ಲಿ ಹಾಕಿದ ಮೂಲಂಗಿಯೊಂದಿಗೆ ಕುಡಿದರು. ಬಟ್ಟಲು ಕೆಳಗಿಟ್ಟ ಮೇಲೆ, "ನಾನು ಚಾಂಗ್ಲಿ ಹತ್ರ ಕ್ಷಮೆ ಕೇಳ್ಬೇಕು," ಎಂದರು. "ಮಧ್ಯಾಹ್ನ ಕಮರಿಗೆ ಬರೋಕೆ ಹೇಳಿಕಳಿಸಿದೀನಿ."

ಗೆಂಫು ನೆಲ ನೋಡುತ್ತಿದ್ದ.

"ಬೆಳಕು ಸೋರಿದ್ರೆ ಒಂದು ಕಾಳಿಗೆ ಬೀಳುತ್ತೆ, ಇನ್ನೊಂದಕ್ಕೆ ಬೀಳಲ್ಲ. ಕೊಳವೆ ತುದೀಲಿ ಇರೋದು ಕೆಡುತ್ತೆ, ಒಳಗಿರೋದು ಉಳಿಯುತ್ತೆ. ಒಂದು ನೂರು ಹೇಳುತ್ತೆ, ಒಂದು ಹತ್ತು ಸಾವಿರ ಹೇಳುತ್ತೆ. ಬೇಸಿಗೆಯೆಲ್ಲ ಕೂತು ಒಂದೊಂದೇ ಕಾಳು ಅಳೆಸಿದೆ ಮೇಸ್ತ್ರಿ. ಎಲ್ಲ ಕಾಳೂ ಒಂದೇ ಮಾತು ಹೇಳ್ತವೆ. ಮೂವತ್ತೊಂದು. ನಾನು ಇಪ್ಪತ್ತೈದು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಇಷ್ಟು ಒಗ್ಗಟ್ಟಾಗಿರೋ ಮಣ್ಣು ನೋಡಿಲ್ಲ. ಗುದ್ದಲೀಲಿ ಅಗೆದು ತುಂಬಿದ್ರೆ ಹೀಗಾಗಲ್ಲ. ಯಾರೋ ಇದನ್ನ ತೆಳ್ಳಗೆ ಹರಡಿ, ಕೈಯಾಡ್ಸಿ, ಇಡೀ ದಿನ ಬಿಸಿಲಿಗೆ ಒಣಗಿಸಿದಾರೆ. ಮೂವತ್ತೊಂದು ವರ್ಷದ ಹಿಂದೆ. ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ."

ಒಲೆಯ ಬಳಿ ಯೂನಿ ಬಟ್ಟಲು ತೊಳೆಯುವುದನ್ನು ನಿಲ್ಲಿಸಿದ್ದಳು.

"ಅಲ್ಲಿ ಏನೋ ತುಂಬಿದಾರೆ. ಏನು, ಎಷ್ಟು ದೊಡ್ಡದು ಅಂತ ಗೊತ್ತಾಗದೆ ಆ ಗೋಡೆಯ ಯಾವ ಲೆಕ್ಕಾನೂ ನಾನು ನಂಬೋ ಹಾಗಿಲ್ಲ. ಸೋಮವಾರ ನಾಲ್ಕು ಜನ ಬರ್ತಾರೆ. ಗೋಡೆಯ ಇಡೀ ಮುಖಾನ ಎರಡು ಮೀಟರ್ ಒಳಕ್ಕೆ ಕಡಿದು ನೋಡೋದು ಅಂತ. ಅಥ್ವಾ..." ಮೇಡಂ ಕಾಲು ಕೆಳಗಿಳಿಸಿದರು. "ಅಥ್ವಾ ಈ ಊರಲ್ಲಿ ಮಣ್ಣು ಗೊತ್ತಿರೋರು ಯಾರಾದ್ರೂ ನನಗೆ ಹೇಳ್ಬೇಕು. ನಾನು ಹೊರಗೆ ಕಾಯ್ತೀನಿ."

ಅವರು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಹೋದರು. ಗೆಂಫು ಎದ್ದು ಗೋಡೆಗೊರಗಿಸಿದ್ದ ಗುದ್ದಲಿ ತೆಗೆದುಕೊಂಡ. ಯಾಕೆ ತೆಗೆದುಕೊಂಡನೋ, ನಲವತ್ತೈದು ವರ್ಷದ ಅಭ್ಯಾಸ. ಮಗಳು ಹೋದಂದಿನಿಂದ ಯೂನಿ ಅವನನ್ನು 'ಶಿಂಗ್ವಾಳ ಅಪ್ಪ' ಎಂದು ಕರೆದಿರಲಿಲ್ಲ. ಬೇರೆ ಹೆಸರಿಂದಲೂ ಕರೆದಿರಲಿಲ್ಲ. 'ಕೇಳಿಸ್ತಾ' ಎನ್ನುತ್ತಿದ್ದಳು, ಅಷ್ಟೆ.

"ಕೇಳಿಸ್ತಾ," ಎಂದಳು ಈಗಲೂ, ಬೆನ್ನು ಹಾಕಿಕೊಂಡೇ. "ಒಂದು ಕಾಳೂ ತಣ್ಣಗಿರ್ಲಿಲ್ಲ ಅಂತಾಯ್ತು."

"ಹೌದು."

"ನನಗೆ ಇಷ್ಟು ವರ್ಷ ಅನುಮಾನ ಇತ್ತು. ಕೊನೇ ಚಾಪೆ ಮೇಲೆ ನೆರಳು ಬಿದ್ದಿತ್ತು." ನೀರಲ್ಲಿ ಕೈ ಆಡಿಸಿದಳು. "ಅವರಿಗೆ ಏನ್ ಹೇಳ್ಬೇಕೋ ಹೇಳು. ಆ ಚಾಂಗ್ಲಿ ಮುಖ ನೋಡೋಕಾಗಲ್ಲ ನನಗೂ. ಅವಳನ್ನ ಮಾತ್ರ ಯಾರ ಮನೆಗೂ ಕಳಿಸ್ಬೇಡ."

ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಕಮರಿಯಲ್ಲಿ ಗಾಳಿ ಎದ್ದಿತ್ತು. ಚಾಂಗ್ಲಿ ಆಗಲೇ ಬಂದು, ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮೇಡಂ ಅವನೆದುರು ನಿಂತು, ಎರಡೂ ಕೈ ಮುಂದೆ ಹಿಡಿದು, ತಪ್ಪು ತನ್ನದೆಂದೂ ಅವನು ಸಿಗರೇಟು ಹಚ್ಚಿರಲಿಲ್ಲವೆಂದೂ ಹೇಳಿದರು. ಅವನಿಗೆ ತಟ್ಟನೆ ಅರ್ಥವಾಗಲಿಲ್ಲ.

"ಹಚ್ಚಿರ್ಲಿಲ್ವಾ?" ಎಂದ. "ಗ್ಯಾರಂಟಿನಾ ಮೇಡಂ?"

"ಗ್ಯಾರಂಟಿ."

"ಹಾಗಾದ್ರೆ ಒಂದು ಚೀಟಿ ಬರ್ದು ಕೊಡಿ. ಠಸ್ಸೆ ಇದ್ರೆ ಅದನ್ನೂ ಹಾಕಿ. ಅಂಗಡಿ ಬಾಗಿಲಿಗೆ ಅಂಟಿಸ್ತೀನಿ, ನನ್ನ ಮಕ್ಳಿಗೆ." ಮುಖ ಒರೆಸಿಕೊಂಡು ಗೆಂಫುವಿನ ಕಡೆ ತಿರುಗಿದ. "ಕೇಳಿದ್ಯಾ ಅಣ್ಣ? ನಿನಗೂ ನೆನಪಿರ್ಲಿಲ್ಲ ಪಾಪ."

"ನೆನಪಿತ್ತು," ಎಂದ ಗೆಂಫು.

ಚಾಂಗ್ಲಿಯ ಮುಖ ಇದ್ದ ಹಾಗೇ ನಿಂತಿತು.

"ಸಿಗರೇಟು ನಿನ್ನ ಕಿವಿ ಸಂದೀಲಿತ್ತು. ಹಚ್ಚಿರ್ಲಿಲ್ಲ. ನನಗೆ ಅವತ್ತೂ ಗೊತ್ತಿತ್ತು, ಮೇ ತಿಂಗಳಲ್ಲಿ ನೀನು ಬಂದು ಕೇಳಿದಾಗಲೂ ಗೊತ್ತಿತ್ತು." ಅವನು ಮೇಡಂ ಕಡೆ ನೋಡಿದ. ಅವರನ್ನು ನೋಡಿ ಹೇಳುವುದು ಸುಲಭವಾಗಿತ್ತು. "ಮಣ್ಣು ಒಣಗಿಸಿದ್ದು ನನ್ನ ಹೆಂಡ್ತಿ. ಎಂಬತ್ತಮೂರು, ಜೂನ್. ಗೋಧಿ ಒಕ್ಕಣೆ ಆಗಿ ಆರನೇ ದಿನ. ತುಂಬಿದ್ದು ನಾನು. ನಿಮ್ಮ ಯಂತ್ರ ತಪ್ಪು ಹೇಳಿಲ್ಲ."

ಮೇಡಂ ಗೋಡೆಯ ಕಡೆ ತಿರುಗಿದರು. ಆಮೇಲೆ, ಕೆಲಸದಲ್ಲೇ ಮುಳುಗಿದವರಾದ್ದರಿಂದ, ಕೆಲಸದ ಮಾತನ್ನೇ ಆಡಿದರು. ಆದರೆ ದನಿ ಇಳಿದಿತ್ತು. "ಎಷ್ಟು ಅಗಲ ಮೇಸ್ತ್ರಿ? ನಾವು ಎಷ್ಟು ದೂರ ಬಿಟ್ಟು ತೆಗೀಬೇಕು?"

"ಒಂಬತ್ತು ವರ್ಷದ ಮಗು ಮೇಡಂ. ಎಷ್ಟು ಅಗಲ ಬೇಕು?"

"ಸೋಮವಾರ ಯಾರೂ ಬರಲ್ಲ," ಎಂದರು ಮೇಡಂ. "ಆಚೆ ದಂಡೆಗೆ ಹೋಗ್ತೀವಿ. ಆದ್ರೆ ಈ ಗೋಡೆ ಯಾಕೆ ಬಿಟ್ವಿ ಅಂತ ನಾನು ಬರೀಲೇಬೇಕಾಗುತ್ತೆ. ಮನುಷ್ಯರು ಮುಟ್ಟಿದ ಮಣ್ಣು ಅಂತ ಮಾತ್ರ ಬರೀತೀನಿ. ಹೆಸರು ಹಾಕಲ್ಲ."

ಗೆಂಫು ತಲೆಯಾಡಿಸಿದ. ಅವನು ಕಾಯುತ್ತಿದ್ದುದು ಅವರ ಮಾತಿಗಲ್ಲ. ಚಾಂಗ್ಲಿ ಎದ್ದು ನಿಂತಿದ್ದ. ಅವನ ಕಣ್ಣು ಮೆಟ್ಟಿಲಿಂದ ಮೆಟ್ಟಿಲಿಗೆ ಏರಿ, ನಲವತ್ತು ತೂತುಗಳ ಸಾಲಿನಲ್ಲಿ ಮುಚ್ಚಿದ ಒಂದೇ ಒಂದನ್ನು ಹುಡುಕಿ, ಅಲ್ಲಿ ನಿಂತಿತು.

"ಅಣ್ಣ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಗೆಂಫು ತಡೆದುಕೊಳ್ಳುತ್ತಿದ್ದ. "ಎಂಟು ತಿಂಗಳು ಊರೆಲ್ಲ ನನ್ನ ಮೇಲೆ ನಕ್ತು. ಹೋಗ್ಲಿ ಬಿಡು. ನಾನಿದ್ರೂ ಹಾಗೇ ಮಾಡ್ತಿದ್ನೇನೋ. ಅವ್ವಂಗೆ ನಾನು ಹೇಳಲ್ಲ, ಆಣೆ. ಆದ್ರೆ ಅಣ್ಣ, ಅವಳು ದಿನಾ ಬೆಳಿಗ್ಗೆ ಎದ್ದು ತಮ್ಮನ ಗುಡ್ಡೆ ಹತ್ರ ಹೋಗಿ ಕೂತ್ಕೋತಾಳೆ. ನಾನು ಹೋದ್ಮೇಲೆ ನಿನ್ನ ಯಾರೋ ನೋಡೋರು ಅಂತಾಳೆ ಅವನಿಗೆ. ಅವಳಿಗೆ ಇನ್ನೆಷ್ಟು ದಿನ ಇದೆ ಹೇಳು. ನಾನು ಹೆತ್ತ ಮಗ ಅಲ್ವಾ, ಎಷ್ಟು ದಿನ ಅಂತ ಬಾಯಿ ಕಟ್ಕೊಂಡು..."

ಗೆಂಫು ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡ.

"ನಿಂತ್ಕೊಳಣ್ಣ, ಪೂರ್ತಿ ಕೇಳು. ಬಲವಂತ ಇಲ್ಲ. ಅತ್ತಿಗೆ ಹತ್ರ ನಾನೇ ಬಂದು ಕಾಲಿಗೆ ಬಿದ್ದು ಕೇಳ್ತೀನಿ. ಒಂದೇ ಊರಿನೋರು, ಚಿಕ್ಕಂದಿನಿಂದ ನೋಡಿದ ಹುಡುಗಿ, ನಮ್ಮ ಮನೇಲಿ..."

ಗೆಂಫು ಆಗಲೇ ನಡೆಯತೊಡಗಿದ್ದ, ಊರಿನ ಕಡೆಗಲ್ಲ, ಕಮರಿಯ ಒಳಕ್ಕೆ, ದಾರಿ ಕಿರಿದಾಗುತ್ತಾ ಹೋಗುವ ಕಡೆಗೆ. ಹಿಂದೆ ಚಾಂಗ್ಲಿಯ ದನಿ ಇನ್ನೂ ಬರುತ್ತಿತ್ತು, ಮೇಡಂ ಏನೋ ಕರೆದು ಹೇಳುತ್ತಿದ್ದರು. ಗೆಂಫು ತಿರುಗಲಿಲ್ಲ. ಎರಡೂ ಬದಿಯ ಗೋಡೆಗಳನ್ನು, ಹೊಸ ಮನೆಗೆ ಜಾಗ ನೋಡುವವನಂತೆ, ಪಟ್ಟೆ ಪಟ್ಟೆಯಾಗಿ ಓದುತ್ತಾ ಹೋದ. ಹೊತ್ತು ಮುಳುಗುವ ಮೊದಲು ಯಾರಿಗೂ ಗೊತ್ತಿರದ ಇನ್ನೊಂದು ಗೋಡೆಯನ್ನು ಮಗಳಿಗಾಗಿ ಹುಡುಕಬೇಕಿತ್ತು.